ಒಂದು, ಮೂರು, ಎರಡು, ನಾಲ್ಕು

ಆ ವರ್ಷ ನಮ್ಮ ಮಿಲ್ಲಿಗೆ ಹೊಸ ಯಂತ್ರ ತರಿಸಲು ಮಂಜೂರಾತಿ ಸಿಕ್ಕಿತ್ತು, ಆದರೆ ಒಂದೇ ಖಾತೆಗೆ. ಬೇಕು ಎಂದು ಕೈಚಾಚಿದ ಖಾತೆಗಳು ಮೂರು. ನೂಲು ಸುತ್ತುವ ಖಾತೆ, ನೂಲಿಗೆ ಗಂಜಿ ಹಾಕುವ ಖಾತೆ, ಎಳೆ ತುಂಬುವ ಖಾತೆ. ಯಾವುದರ ಕೈಕೆಲಸವನ್ನು ಮೊದಲು ಯಂತ್ರಕ್ಕೆ ಒಪ್ಪಿಸಬೇಕು ಎಂದು ನೋಡಿ, ಅಳೆದು, ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಅರವತ್ತರ ದಶಕದ ಮೊದಲ ವರ್ಷಗಳು ಅವು. ದಾವಣಗೆರೆಯಲ್ಲಿ ಆಗ ಮಿಲ್ಲಿನ ಸೀಟಿ ಕೇಳಿ ಒಲೆ ಹಚ್ಚುವ ಮನೆಗಳೇ ಹೆಚ್ಚು. ನನ್ನ ಕೊರಳಲ್ಲಿ ಒಂದು ಸ್ಟಾಪ್‌ವಾಚು, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು. ಕೆಲಸಗಾರರು ನನ್ನನ್ನು ಗಡಿಯಾರದ ಸಾಹೇಬ ಎನ್ನುತ್ತಿದ್ದರು. ಸಾಹೇಬ ಎನ್ನುವಾಗ ಅವರ ಬಾಯಿ ಸ್ವಲ್ಪ ಓರೆಯಾಗುತ್ತಿತ್ತು. ಈ ಸಾಹೇಬನ ಅಪ್ಪ ಅದೇ ಮಿಲ್ಲಿನ ಎಳೆ ತುಂಬುವ ಖಾತೆಯಲ್ಲಿ ಬೆನ್ನು ಬಗ್ಗಿಸಿ ಕೂತಿರುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ಮ್ಯಾನೇಜರ್ ಸಾಹೇಬರು ಮೊದಲ ದಿನವೇ ಹೇಳಿದ್ದರು.

"ಯಾರು ಜಾಸ್ತಿ ಗಲಾಟೆ ಮಾಡ್ತಾರೆ ಅಂತ ನೋಡಬ್ಯಾಡ್ರಿ. ಕೆಲಸ ಎಲ್ಲಿ ಕಟ್ಟಿಕೊಂಡು ನಿಂತೈತೆ, ಅದನ್ನ ನೋಡ್ರಿ."

ಹೇಳುವುದು ಸುಲಭ. ಮೂರೂ ಖಾತೆಗಳಲ್ಲಿ ಕೆಲಸ ಕಟ್ಟಿಕೊಂಡೇ ನಿಂತಿತ್ತು.

ಮೊದಲು ನಾನು ಹೋದದ್ದು ನೂಲು ಸುತ್ತುವ ಖಾತೆಗೆ. ಅಲ್ಲಿ ಎಲ್ಲರೂ ಹೆಂಗಸರು. ಎಳೆ ಹರಿದಾಗಲೆಲ್ಲ ತಿರುಗುವ ಕದಿರನ್ನು ಬೆರಳಲ್ಲಿ ತಡೆದು, ಎರಡು ತುದಿ ಹುಡುಕಿ, ಗಂಟು ಹಾಕಿ, ಮತ್ತೆ ಬಿಡಬೇಕು. ನಾನು ಒಬ್ಬೊಬ್ಬರ ಹಿಂದೆ ನಿಂತು ವಾಚು ಒತ್ತಿದೆ. ಹರಿದದ್ದು ಯಾವಾಗ, ತುದಿ ಸಿಕ್ಕದ್ದು ಯಾವಾಗ, ಗಂಟು ಬಿದ್ದದ್ದು ಯಾವಾಗ, ಎಲ್ಲ ಬರೆದುಕೊಂಡೆ. ಅತಿ ಹೆಚ್ಚು ಕೈಗಳು, ಅತಿ ಹೆಚ್ಚು ಗಂಟುಗಳು ಇದ್ದದ್ದು ಇಲ್ಲೇ. ಹಾಗಾಗಿ ನನ್ನ ಮೊದಲ ಕರಡಿನಲ್ಲಿ ಈ ಖಾತೆಯೇ ಮೇಲೆ ಬಂತು. ಓದಿ ಬಂದವನ ಹುರುಪು, ಲೆಕ್ಕ ಮುಗಿದೇ ಹೋಯಿತು ಎಂದುಕೊಂಡೆ.

ಸುದ್ದಿ ನನಗಿಂತ ಮೊದಲೇ ಖಾತೆ ತಲುಪಿತ್ತು. ಮಾರನೆಯ ದಿನ ಚಹಾದ ಬಿಡುವಿನಲ್ಲಿ ಅಲ್ಲಿನ ಹಿರಿಯ ಹೆಂಗಸೊಬ್ಬಳು ದಾರಿಗೆ ಅಡ್ಡ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ತಲೆಯೆಲ್ಲ ಹತ್ತಿಯ ಧೂಳು.

"ಏನಪ್ಪಾ, ನಮ್ಮ ಉಸಿರು ಎಣಿಸ್ಕೊಂಡು ಹೋದೆಲ್ಲ, ಲೆಕ್ಕ ಸರಿ ಹತ್ತಿತೇನು?"

"ಯಾರನ್ನೂ ಕೆಲಸದಿಂದ ತೆಗೆಯಲ್ಲಮ್ಮ. ಸಂಘದ ಜೊತೆ ಮಾತಾಗೈತೆ. ಬೇರೆ ಖಾತೆಗೆ ಹಾಕ್ತಾರೆ."

"ಯಾವ ಖಾತೆಗೆ? ಗಂಡಸ್ರಿಗೆ ಲೂಮ್ ಐತೆ, ಗೋಡೌನ್ ಐತೆ, ಬಾಯ್ಲರ್ ಐತೆ. ಹೆಂಗಸ್ರು ಕುಂತು ಮಾಡಾ ಖಾತೆ ಈ ಮಿಲ್ಲಾಗೆ ಇನ್ನೊಂದು ತೋರ್ಸಪ್ಪ, ಹೋಗ್ತೀವಿ."

ನನ್ನ ರಟ್ಟಿನ ಮೇಲಿನ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಕರಡು ತೆಗೆದುಕೊಂಡು ನೇಯ್ಗೆ ಮಾಸ್ತರ ಹತ್ತಿರ ಹೋದೆ. ಅವರು ಸಿಡುಕಿನ ಮನುಷ್ಯ, ಆದರೆ ಮಗ್ಗ ಬಲ್ಲವರು. ಓದಿ ಮುಗಿಸುವ ಮೊದಲೇ ಕಾಗದ ವಾಪಸು ಕೊಟ್ಟರು.

"ನೂಲು ಜೋರಾಗಿ ಸುತ್ತಿದ್ರೆ ನನ್ನ ಲೂಮ್ ಜೋರಾಗಿ ಓಡ್ತಾವೇನ್ರಿ? ಹೋಗ್ರಿ, ನಿಂತಿರೋ ಲೂಮಿನ ಮುಂದೆ ನಿಂದ್ರಿ. ಅದು ಯಾರ ದಾರಿ ಕಾಯ್ತೈತೆ ಅಂತ ನೋಡ್ಕೊಂಡು ಬರ್ರಿ."

ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಮಾತು ಸರಿಯಿತ್ತು. ನಾನು ಮೂರು ಬಣ್ಣದ ಸೀಮೆಸುಣ್ಣ ತಂದೆ. ಅಡ್ಡ ಹಾಯುವ ಹೊಕ್ಕಿನ ನೂಲಿಲ್ಲದೆ ನಿಂತ ಮಗ್ಗಕ್ಕೆ ಬಿಳಿ ಗೀಟು, ರಿಪೇರಿಗೆ ನಿಂತದ್ದಕ್ಕೆ ಕೆಂಪು, ಉದ್ದದ ಎಳೆಗಳನ್ನು ಸುತ್ತಿದ ಹಾಸಿನ ಬೀಮು ಬರಲೆಂದು ನಿಂತದ್ದಕ್ಕೆ ನೀಲಿ. ವಾರವಿಡೀ ಆ ಗದ್ದಲದಲ್ಲಿ ಸುತ್ತಿದೆ. ವಾರದ ಕೊನೆಗೆ ಬಾಗಿಲಲ್ಲಿ ನಿಂತು ನೋಡಿದರೆ ಮಗ್ಗದ ಮನೆಯಲ್ಲಿ ನೀಲಿ ಗೀಟುಗಳೇ ತುಂಬಿದ್ದವು. ಬೀಮು ಎಲ್ಲಿ ಉಳಿದಿವೆ ಎಂದು ಹುಡುಕಿಕೊಂಡು ಹಿಂದೆ ಹಿಂದೆ ನಡೆದೆ. ಗಂಜಿ ಖಾತೆಯವರು ತಮ್ಮ ಪಾಲು ಮುಗಿಸಿಬಿಟ್ಟಿದ್ದರು. ಅಲ್ಲಿನ ಯಂತ್ರ ಹಳೆಯದು, ಕುದಿಯುವ ಗಂಜಿಯ ಹಬೆಯಲ್ಲಿ ಹುಡುಗರು ಬೇಯುತ್ತಿದ್ದರು, ಆದರೂ ಕೆಲಸ ಸಾಗುತ್ತಿತ್ತು. ಗಂಜಿ ಹಾಕಿದ ಬೀಮುಗಳು ಸಾಲಾಗಿ ಮಲಗಿದ್ದದ್ದು ಎಳೆ ತುಂಬುವ ಖಾತೆಯ ಬಾಗಿಲಲ್ಲಿ, ಅಂದರೆ ನನ್ನ ಅಪ್ಪನ ಖಾತೆಯ ಬಾಗಿಲಲ್ಲಿ.

ಆ ಕೆಲಸ ಹೇಗಿತ್ತು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಬೀಮಿನಲ್ಲಿ ಸಾವಿರಾರು ಎಳೆ. ಪ್ರತಿಯೊಂದು ಎಳೆಯೂ ಮಗ್ಗಕ್ಕೆ ಹೋಗುವ ಮೊದಲು ತನ್ನ ತನ್ನ ತಂತಿಯ ಕಣ್ಣಿನಲ್ಲಿ ತೂರಿರಬೇಕು. ಆ ತಂತಿಗಳನ್ನು ಒಂದರ ಹಿಂದೆ ಒಂದರಂತೆ ನಾಲ್ಕು ಚೌಕಟ್ಟುಗಳಲ್ಲಿ ಹೊಂದಿಸಿರುತ್ತಾರೆ. ಎಳೆಗಳ ಪರದೆಯ ಹಿಂದೆ ಒಬ್ಬ ಕೂತು ಒಂದೊಂದೇ ಎಳೆ ಆರಿಸಿ ಮುಂದೆ ಚಾಚುತ್ತಾನೆ. ಈಚೆ ಕೂತವನು ಚಪ್ಪಟೆ ಕೊಕ್ಕೆಯನ್ನು ತಂತಿಯ ಕಣ್ಣಿನಲ್ಲಿ ತೂರಿಸಿ ಆ ಎಳೆಯನ್ನು ಈಚೆಗೆ ಎಳೆದುಕೊಳ್ಳುತ್ತಾನೆ. ಸಾದಾ ಬಟ್ಟೆಯಾದರೆ ಚೌಕಟ್ಟಿನ ಕ್ರಮ ಒಂದು, ಮೂರು, ಎರಡು, ನಾಲ್ಕು. ಮತ್ತೆ ಒಂದು, ಮೂರು, ಎರಡು, ನಾಲ್ಕು. ಸಂಜೆಯವರೆಗೂ ಇಬ್ಬರೂ ಮೊಣಕಾಲಿಗೆ ಮೊಣಕಾಲು ಹತ್ತುವಷ್ಟು ಹತ್ತಿರ, ಮುಖಕ್ಕೆ ಮುಖ, ನಡುವೆ ಎಳೆಗಳು. ಒಮ್ಮೆ ಜೋಡಿ ಕೂಡಿತೆಂದರೆ ಖಾತೆಯ ಮೇಸ್ತ್ರಿ, ಜಾಬರ್, ಅದನ್ನು ಮುರಿಯುತ್ತಿರಲಿಲ್ಲ. ಕೈಗೆ ಕೈ ಒಗ್ಗಲು ವರ್ಷಗಳು ಬೇಕು.

ಅಪ್ಪ ಹಿಂದೆ ಕೂರುವವನು. ಅವನ ಜೋಡಿ, ಮುಂದೆ ಕೊಕ್ಕೆ ಹಿಡಿದು ಕೂರುವವನು, ನನ್ನ ದೊಡ್ಡಪ್ಪ.

ಆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಸಾರಥಿ ಎಂಬ ಹಳ್ಳಿಯಿಂದ ಒಂದೇ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದು, ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಒಂದೇ ಮನೆ ಹಿಡಿದು, ಒಂದೇ ದಿನ ಮಿಲ್ಲು ಸೇರಿದವರು. ಬೇರೆಯಾದಾಗ ಜಗಳ ಬಂದದ್ದು ಪಾತ್ರೆ ಪಗಡಕ್ಕಲ್ಲ, ಅಜ್ಜಿಗೆ. ಅವ್ವ ನನ್ನ ಕಡೆ ಇರಬೇಕು ಎಂದು ಇಬ್ಬರೂ ಹಟ ಹಿಡಿದರು. ಮಾತು ಬೆಳೆದು, ಕೈ ಕೈ ಮಿಲಾಯಿಸಿ, ಕೊನೆಗೆ ದೊಡ್ಡಪ್ಪ ಅಜ್ಜಿಯ ತಲೆ ಮುಟ್ಟಿ, "ಅವ್ವನಾಣೆ, ಇನ್ನ ಇವನ ಕೂಡ ಮಾತಾಡಿದ್ರೆ ಕೇಳು" ಎಂದ. ಅಪ್ಪನೂ ಅದೇ ತಲೆ ಮುಟ್ಟಿ ಅದೇ ಮಾತು ಹೇಳಿದ. ಆಣೆ ಯಾರ ಮೇಲೆ ಇಟ್ಟಿರುತ್ತೇವೋ ಅವರೇ ತಮ್ಮ ಬಾಯಿಂದ ಬಿಡಿಸಬೇಕು, ನಮ್ಮವರಲ್ಲಿ ಹಾಗೆ. ಬಿಡಿಸು ಎಂದು ಮೊದಲು ಅವನು ಕೇಳಲಿ ಎಂದು ಇವನು, ಇವನು ಕೇಳಲಿ ಎಂದು ಅವನು ಕಾಯುತ್ತಿರುವಾಗಲೇ ಅಜ್ಜಿ ಕಣ್ಣು ಮುಚ್ಚಿದಳು. ಬಿಡಿಸುವವಳೇ ಹೋದ ಮೇಲೆ ಆಣೆ ಹಾಗೇ ಉಳಿಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ನಾನು ಆ ಗೋಡೆಯ ಈಚೆಗೆ ಬೆಳೆದವನು.

ಈಗ ಅವರ ಹಿಂದೆ ವಾಚು ಹಿಡಿದು ನಿಲ್ಲಬೇಕಾಯಿತು. ಅಪ್ಪ ತಲೆ ಎತ್ತಲಿಲ್ಲ. ದೊಡ್ಡಪ್ಪನೂ ಎತ್ತಲಿಲ್ಲ. ಖಾತೆಯ ಉಳಿದ ಜೋಡಿಗಳು ಸಾದಾ ಬಟ್ಟೆಗೆ ಸುಮ್ಮನೆ ಎಳೆ ತುಂಬುತ್ತಿದ್ದರು, ಕ್ರಮ ಕೈಗೇ ಗೊತ್ತು. ಡಿಸೈನ್ ಬಟ್ಟೆ ಬಂದಾಗ ಮಾತ್ರ ತಪ್ಪಬಾರದೆಂದು ಒಬ್ಬರು ಚೌಕಟ್ಟಿನ ನಂಬರು ಕೂಗುತ್ತಿದ್ದರು. ಈ ಜೋಡಿಯದು ಬೇರೆ ರೀತಿ. ಸಾದಾ ಬಟ್ಟೆಗೂ ಕೂಗು, ಅದೂ ಸರದಿಯಲ್ಲಿ.

"ಒಂದು" ಎಂದು ದೊಡ್ಡಪ್ಪ. "ಮೂರು" ಎಂದು ಅಪ್ಪ. "ಎರಡು." "ನಾಲ್ಕು."

ದೊಡ್ಡಪ್ಪನ ದನಿ ಒಮ್ಮೆ ಗಡುಸು, ಒಮ್ಮೆ ಮೆತ್ತಗೆ. ಅಪ್ಪನ ದನಿ ಅದಕ್ಕೆ ತಕ್ಕ ಹಾಗೆ ಏರಿ ಇಳಿಯುತ್ತಿತ್ತು. ನಾನು ಹಾಳೆಯಲ್ಲಿ ಬರೆದುಕೊಂಡೆ: ಸಾದಾ ಬಟ್ಟೆಗೆ ಕೂಗು ಅನಗತ್ಯ. ಆ ಎರಡು ದನಿ ಅಷ್ಟು ಹತ್ತಿರದಿಂದ ಕೇಳಿಯೂ ನನಗೆ ತೋಚಿದ್ದು ಅಷ್ಟೇ.

ಎರಡನೇ ಕರಡಿನಲ್ಲಿ ಎಳೆ ತುಂಬುವ ಖಾತೆಯನ್ನು ಮೇಲೆ ಹಾಕಿದೆ, ಗಂಜಿ ಖಾತೆಯನ್ನು ಎರಡನೆಯದಕ್ಕೆ, ನೂಲು ಸುತ್ತುವುದನ್ನು ಕೊನೆಗೆ. ಇವತ್ತು ಯಾರಾದರೂ ಎಬ್ಬಿಸಿ ಕೇಳಿದರೂ ಇದೇ ಕ್ರಮ ಬರೆಯುತ್ತೇನೆ. ಮಗ್ಗಗಳು ಕಾಯುತ್ತಿದ್ದದ್ದು ಈ ಖಾತೆಗೆ. ಇಲ್ಲಿದ್ದದ್ದು ಕೆಲವೇ ಜೋಡಿ, ಎಲ್ಲ ಗಂಡಸರು, ಬೇರೆಲ್ಲಾದರೂ ಹಾಕಬಹುದು. ಆ ಹೆಂಗಸಿನ ಮಾತಿಗೂ ಉತ್ತರ ಸಿಕ್ಕಿತ್ತು. ಮ್ಯಾನೇಜರ್ ಸಾಹೇಬರು ಒಪ್ಪಿದರು, ಸಂಘದವರೂ ಒಪ್ಪಿದರು.

ಬರುವ ಯಂತ್ರ ಗಂಟು ಹಾಕುವುದು. ಮಗ್ಗದಲ್ಲಿ ಮುಗಿಯುತ್ತ ಬಂದ ಹಳೆಯ ಹಾಸಿನ ತುದಿಗಳಿಗೆ ಹೊಸ ಬೀಮಿನ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿಬಿಡುತ್ತದೆ. ಹಳೆಯ ಎಳೆಯನ್ನು ಎಳೆದರೆ ಹೊಸದು ತಾನಾಗಿಯೇ ತಂತಿಯ ಕಣ್ಣಿನಲ್ಲಿ ನುಸುಳಿ ಬರುತ್ತದೆ. ಆದರೆ ಡಿಸೈನು ಬದಲಾದರೆ ಅದು ಉಪಯೋಗಕ್ಕಿಲ್ಲ, ಮೊದಲಿನಿಂದ ಕೈಯಲ್ಲೇ ತುಂಬಬೇಕು. ಅದಕ್ಕಾಗಿ ಒಂದು ಜೋಡಿಯನ್ನು ಉಳಿಸಿಕೊಳ್ಳಬೇಕಿತ್ತು. ಯಾವ ಜೋಡಿ ಎಂದು ಬರೆಯುವುದೂ ನನ್ನ ಪಾಲಿಗೇ ಬಂತು.

ಖಾತೆಯ ಜಾಬರ್‌ನನ್ನು ಕೇಳಿದೆ. ಅವನು ಎಲೆ ಅಡಿಕೆ ದವಡೆಗೆ ಒತ್ತಿಕೊಂಡು ಹೇಳಿದ.

"ಇಡಾದಾದ್ರೆ ನಿಮ್ಮಪ್ಪ, ನಿಮ್ಮ ದೊಡ್ಡಪ್ಪನ ಜೋಡಿ ಇಡ್ರಿ. ಎಂಥಾ ಡಿಸೈನ್ ಕೊಡ್ರಿ, ಒಂದು ಎಳೆ ತಪ್ಪಲ್ಲ."

"ನಮ್ಮ ಮನೆಯವರನ್ನೇ ಇಟ್ಕೊಂಡ ಅಂತಾರೆ ಜಾಬರಣ್ಣ. ಅದೂ ಅಲ್ದೆ ಅವರಿಬ್ರಿಗೂ ಮಾತಿಲ್ಲ. ಯಾಕೆ ಸುಮ್ನೆ ಎದುರಾಬದ್ರು ಕೂರ್ಸಾದು?"

"ಮಾತಿಲ್ಲ ಅಂತ ನಿಮಗ್ಯಾರು ಹೇಳಿದ್ರು?" ಎಂದು ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದ. ಮಿಲ್ಲಿನ ವಿಷಯವನ್ನು ಅವನಾಗಿ ಎತ್ತಿದ್ದು ನನಗೆ ನೆನಪಿಲ್ಲ.

"ಆ ಗಂಟಿನ ಮಿಷನ್ನಿಗೆ ಹೊಸ ಡಿಸೈನ್ ಬರಲ್ಲಂತೆ, ಹೌದೇನು?"

"ಬರಲ್ಲಪ್ಪ. ಅದಕ್ಕೊಂದು ಜೋಡಿ ಇರ್ತೈತೆ."

"ಯಾವುದು?"

"ಇನ್ನೂ ಬರೆದಿಲ್ಲ."

ಅಪ್ಪ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೂತ. ಒಲೆಯ ಹತ್ತಿರದಿಂದ ನನ್ನ ಅವ್ವ ಅಂದಳು, "ದಿನಾ ಆ ಮಾರಿ ನೋಡ್ಕೊಂಡು ಕೂರಾ ನರಕ ಇನ್ನರ ತಪ್ಪಲಿ ಬಿಡು." ಅಪ್ಪ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ.

"ನಿನಗೆ ಸರಿ ಕಂಡಂಗೆ ಬರಿಯಪ್ಪ" ಎಂದು ಅರ್ಧ ಊಟಕ್ಕೇ ಎದ್ದ.

ಅಪ್ಪನಿಗೆ ಬಿಡುಗಡೆ ಕೊಡಿಸುತ್ತಿದ್ದೇನೆ ಎಂಬ ಸಂತೋಷದಲ್ಲಿ ನಾನಿದ್ದೆ. ಬೇರೊಂದು ಜೋಡಿಯ ಹೆಸರು ಬರೆದೆ. ಕೆಲಸ ಬಲ್ಲವರು, ನಮ್ಮ ಸಂಬಂಧಿಕರಲ್ಲ. ಯಾರೂ ಒಂದು ಮಾತು ಆಡುವ ಹಾಗಿರಲಿಲ್ಲ. ಅಪ್ಪನಿಗೆ ಬಟ್ಟೆ ಮಡಿಸುವ ಖಾತೆ. ದೊಡ್ಡಪ್ಪ ಬೇರೆ ಖಾತೆ ಬೇಡವೆಂದು ರಾಜೀನಾಮೆ ಬರೆದುಕೊಟ್ಟ. ಹರಿಹರದಲ್ಲಿ ಮಗಳ ಮನೆಗೆ ಹೋಗಿ ಇರುತ್ತೇನೆ ಎಂದನಂತೆ. ಗೋಡೆಯ ಆಚೆಯಿಂದ ಸಾಮಾನು ಕಟ್ಟುವ ಸದ್ದು ಕೇಳಿಸುತ್ತಿತ್ತು.

ಯಂತ್ರ ಬಂತು. ಪೆಟ್ಟಿಗೆ ಒಡೆದು, ಹಳಿ ಕೂರಿಸಿ, ಮೊದಲ ಬಾರಿ ಓಡಿಸಿದರೆ ಅದು ಎರಡೆರಡು ಎಳೆ ಹಿಡಿದು ಒಂದೇ ಗಂಟು ಹಾಕುತ್ತಿತ್ತು. ನಮ್ಮ ಗಂಜಿಯ ಜಿಗುಟಿಗೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಗಂಜಿಯ ಹದ ತೆಳ್ಳಗೆ ಮಾಡಿಸಿ, ಎಳೆಗಳನ್ನು ಬ್ರಷ್ಷಿನಿಂದ ಬಿಡಿಸಿ, ಮತ್ತೆ ಓಡಿಸಿ, ಅಂತೂ ಹದಕ್ಕೆ ಬಂತು. ಗಂಟುಗಳು ಬೀಳತೊಡಗಿದಾಗ ನೇಯ್ಗೆ ಮಾಸ್ತರು ನನ್ನ ಬೆನ್ನು ತಟ್ಟಿದರು. ಅಂದು ಮಂಡಕ್ಕಿ ಮೆಣಸಿನಕಾಯಿ ತರಿಸಿ ಎಲ್ಲರಿಗೂ ಹಂಚಿದೆವು.

ಅಪ್ಪನ ಜೋಡಿಯ ಕೊನೆಯ ಬೀಮು ಸಾದಾ ಬಟ್ಟೆಯದು. ನಾನು ವಾಚಿಲ್ಲದೆ ಹೋಗಿ ನಿಂತೆ. ಒಂದು, ಮೂರು, ಎರಡು, ನಾಲ್ಕು. ಎಳೆಗಳು ತೆಳ್ಳಗಾಗುತ್ತ ಬಂದವು, ಕೊನೆಗೆ ಅಂಚಿನ ಎಳೆಯೂ ತೂರಿತು. ಇನ್ನು ಎಳೆಯಿರಲಿಲ್ಲ. ದೊಡ್ಡಪ್ಪ ಕೊಕ್ಕೆ ಕೆಳಗಿಡಲಿಲ್ಲ. ಖಾಲಿ ಕೊಕ್ಕೆಯನ್ನು ಮುಂದೆ ಹಿಡಿದು, "ಒಂದು" ಎಂದ.

ಹಿಂದಿನಿಂದ ಅಪ್ಪ, "ಮೂರು" ಎಂದ.

"ಎರಡು."

"ನಾಲ್ಕು."

ಹಾಗೇ ಸಾಗಿತು. ದೊಡ್ಡಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಅಪ್ಪನ ದನಿ ಒಡೆದಿತ್ತು. ಖಾತೆಯಲ್ಲಿ ಎಲ್ಲರೂ ಕೈ ನಿಲ್ಲಿಸಿ ತಲೆ ತಗ್ಗಿಸಿದ್ದರು. ಅವರಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವನು ನಾನೊಬ್ಬನೇ. ನಂಬರು ಕೂಗುವುದು ಕೆಲಸ, ಅದು ಮಾತಲ್ಲ, ಆಣೆಗೆ ಭಂಗವಿಲ್ಲ. ಅಷ್ಟು ವರ್ಷ ಅವರು ಆ ನಾಲ್ಕು ಅಂಕಿಗಳಲ್ಲೇ ಜ್ವರ ಕೇಳಿದ್ದರು, ಸಿಟ್ಟಾಗಿದ್ದರು, ಸಮಾಧಾನ ಮಾಡಿದ್ದರು. ಕೊನೆಗೆ ಜಾಬರ್ ಬಂದು ಮೆಲ್ಲಗೆ ಬೀಮು ಉರುಳಿಸಿಕೊಂಡು ಹೋದ. ಇಬ್ಬರೂ ಖಾಲಿ ಜಾಗದ ಎರಡು ಕಡೆ ಕೂತೇ ಇದ್ದರು.

ಓಡಿದೆ. ಮ್ಯಾನೇಜರ್ ಸಾಹೇಬರ ಮುಂದೆ ನಿಂತು, ಉಳಿಸಿಕೊಳ್ಳುವ ಜೋಡಿಯನ್ನು ಬದಲಾಯಿಸಬೇಕು ಎಂದೆ.

"ಕಾರಣ?"

ಏನೆಂದು ಹೇಳಲಿ? ಒಬ್ಬರಿಗೊಬ್ಬರು ಅಂಕಿ ಕೂಗಿಕೊಳ್ಳಬೇಕು ಎನ್ನಲೇ? ಕಂಡದ್ದನ್ನೆಲ್ಲ ಹೇಗೋ ಹೇಳಿದೆ. ಅವರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು.

"ಆರ್ಡರ್ ಆಗೈತೆ, ಸಂಘದವರು ಸಹಿ ಹಾಕ್ಯಾರೆ. ಆ ಜೋಡಿ ಮನೀಗೆ ಹೋಗಿ ಹೆಂಡ್ರು ಮಕ್ಕಳಿಗೆ ಹೇಳ್ಕೊಂಡಾರೆ. ಈಗ ಅವರನ್ನ ಎಬ್ಬಿಸಿ ನಿಮ್ಮಪ್ಪನ್ನ ಕೂರ್ಸಿದ್ರೆ ನಿಮ್ಮ ಗತಿ ಏನಾಗ್ತೈತೆ, ನೀವೇ ಹೇಳ್ರಿ."

ನಮಸ್ಕಾರ ಮಾಡಿ ಹೊರಗೆ ಬಂದೆ.

ದೊಡ್ಡಪ್ಪ ಹರಿಹರಕ್ಕೆ ಹೋದ. ಅದಾದ ಮೇಲೆ ಅಪ್ಪ ವಾರದ ರಜೆಗೆಲ್ಲ ರೈಲು ಹತ್ತತೊಡಗಿದ. ಎಲ್ಲಿಗೆ ಎಂದು ಅವ್ವ ಕೇಳಿದರೆ, "ಹೊಳಿಗೆ" ಎನ್ನುತ್ತಿದ್ದ. ಒಮ್ಮೆ ಹಿಂದೆಯೇ ಹೋಗಿ ನೋಡಿದೆ. ತುಂಗಭದ್ರೆಯ ದಂಡೆಯ ಮೆಟ್ಟಿಲಿನ ಮೇಲೆ ದೊಡ್ಡಪ್ಪ ಕೂತಿದ್ದ. ಎರಡು ಮೆಟ್ಟಿಲು ಕೆಳಗೆ ಅಪ್ಪ. ಇಬ್ಬರೂ ನೀರು ನೋಡುತ್ತಿದ್ದರು. ಬಿಸಿಲು ಏರಿದ ಮೇಲೆ ದೊಡ್ಡಪ್ಪ ಪಂಚೆ ಕೊಡವಿ ಎದ್ದು ಹೋದ, ಅಪ್ಪ ಸ್ಟೇಷನ್ನಿನ ದಾರಿ ಹಿಡಿದ. ರೈಲಿನಲ್ಲಿ ಪಕ್ಕದಲ್ಲಿ ಕೂತು ಕೇಳಿದೆ.

"ಅಲ್ಲೇ ಎಣಿಸಬಹುದಾಗಿತ್ತಲ್ಲಪ್ಪ, ಮೊದಲಿನಂಗೆ?"

"ದಾರ ಇಲ್ದೆ ಎಣಿಸಿದ್ರೆ ಅದು ಮಾತಾಗ್ತೈತೆ."

"ಅವತ್ತು ಖಾಲಿ ಕೊಕ್ಕೀಲಿ ಎಣಿಸಿದ್ರಲ್ಲ?"

"ಬೀಮು ಮುಂದಿತ್ತು. ನಡೀತು" ಎಂದು ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಅಷ್ಟು ಸಾಕಾಯಿತು ನನಗೆ. ಮರುದಿನವೇ ಗುಜರಿಗೆ ಹಾಕಿದ್ದ ಹಳೆಯ ಚೌಕಟ್ಟುಗಳಲ್ಲಿ ನಾಲ್ಕನ್ನು ಆರಿಸಿದೆ. ತುಕ್ಕು ಹಿಡಿದ ತಂತಿಗಳನ್ನು ಎಣ್ಣೆ ಹಚ್ಚಿ ಉಜ್ಜಿದೆ. ಬಿಸಾಡಿದ ನೂಲು ಒಂದಿಷ್ಟು ಕೂಡಿಸಿ ಸಣ್ಣದೊಂದು ದುಂಡು ಕಟ್ಟಿಗೆಗೆ ಸುತ್ತಿದೆ. ಹರಿಹರದಲ್ಲಿ ಅಕ್ಕನ, ಅಂದರೆ ದೊಡ್ಡಪ್ಪನ ಮಗಳ, ಮನೆಯ ಕಟ್ಟೆಯ ಮೇಲೆ ಇದನ್ನು ಹೂಡಿಬಿಟ್ಟರೆ ಇಬ್ಬರೂ ಎರಡು ಕಡೆ ಕೂರಬಹುದು. ತುಂಬಿ ಮುಗಿದರೆ ಬಿಚ್ಚಿ ಮತ್ತೆ ತುಂಬಬಹುದು. ಗುಜರಿಯಾದರೂ ಮಿಲ್ಲಿನ ಮಾಲು, ಗೇಟು ದಾಟಿಸಲು ಪಾಸು ಬೇಕು. ಸ್ಟೋರ್ಸಿನವರು ಮಾಸ್ತರರ ಸಹಿ ಎಂದರು, ಮಾಸ್ತರರು ಮ್ಯಾನೇಜರ್ ಸಹಿ ಎಂದರು, ಮ್ಯಾನೇಜರ್ ಊರಲ್ಲಿರಲಿಲ್ಲ. ಅವರು ಬಂದರು, ಸಹಿಯಾಯಿತು. ಚೌಕಟ್ಟು ಹೆಗಲಿಗೇರಿಸಿಕೊಂಡು ಗೇಟಿಗೆ ಬಂದರೆ, ಹೊರಗೆ ಅಕ್ಕನ ಗಂಡ ನಿಂತಿದ್ದ. ಅವನ ಮುಖ ನೋಡಿದ ಕೂಡಲೇ ತಿಳಿಯಿತು. ಚೌಕಟ್ಟನ್ನು ಗೇಟಿನ ಗೋಡೆಗೆ ಆನಿಸಿ ಬಿಟ್ಟು, ಮಡಿಸುವ ಖಾತೆಯಿಂದ ಅಪ್ಪನನ್ನು ಕರೆದುಕೊಂಡು ರೈಲಿಗೆ ಹೋದೆ.

ದೊಡ್ಡಪ್ಪನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಅಕ್ಕ ಅಪ್ಪನನ್ನು ಕಂಡು "ಕಾಕಾ" ಎಂದು ಕೂಗಿ ಕುಸಿದಳು. ಅಪ್ಪ ಅಳಲಿಲ್ಲ. ನೇರ ಹೋಗಿ ದೊಡ್ಡಪ್ಪನ ಎದುರಿಗೆ, ಮೊಣಕಾಲಿಗೆ ಮೊಣಕಾಲು ಹತ್ತುವಷ್ಟು ಹತ್ತಿರ ಕೂತ. ಕತ್ತು ಸ್ವಲ್ಪ ಮುಂದೆ ಮಾಡಿ, ಮುಖ ನೋಡುತ್ತ, ಕಾದ. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಏನಕ್ಕೆ ಕಾಯುತ್ತಿದ್ದಾನೆ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬ. ನೋಡಲಾಗಲಿಲ್ಲ. ಅವನ ಪಕ್ಕ ಬಗ್ಗಿ, ಮೆಲ್ಲಗೆ, "ಒಂದು" ಎಂದೆ.

ಅಪ್ಪ ನನ್ನ ಕೈ ಹಿಡಿದು ಒತ್ತಿದ.

"ಸುಮ್ನಿರಪ್ಪ. ಅದು ಅಣ್ಣಂದು."

ಅವನ ಬಾಯಲ್ಲಿ ಅಣ್ಣ ಎನ್ನುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಮತ್ತೆ ಕಾದ. ಹೊರಗೆ ಹೆಣ ಹೊರುವ ವಿಮಾನ ಕಟ್ಟಿ ಮುಗಿಸಿ ಜನ ಒಳಗೆ ಬಂದರು, ಹೊತ್ತಾಯಿತು ಏಳ್ರಿ ಎಂದರು. ಆಗ ಅಪ್ಪ ಇನ್ನಷ್ಟು ಮುಂದೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ಮೂರು" ಎಂದ.

ಮುಂದೆ ಬೀಮಿರಲಿಲ್ಲ, ನಡುವೆ ಒಂದು ಎಳೆ ದಾರವೂ ಇರಲಿಲ್ಲ. ಅಪ್ಪ ಆಣೆ ಮುರಿದು ಅಣ್ಣನ ಕೂಡ ಮಾತಾಡಿದ್ದ.